ಬಾನೆವಿಲ್ ಕೆಳಗೆ ಎಣ್ಣೆ ಕಂಡರೆ

ಹಳೆಯ ಟ್ರಯಂಫ್ ಬಾನೆವಿಲ್ ಬೈಕಿನ ಕೆಳಗೆ ಎಣ್ಣೆ ಕಂಡ ತಕ್ಷಣ ಗ್ಯಾಸ್ಕೆಟ್ (ಎಂಜಿನ್ ಭಾಗಗಳ ನಡುವಿನ ಸೀಲ್) ಬಿಚ್ಚಬೇಡಿ. ತಣ್ಣಗಿರುವ ಎಂಜಿನ್ ಅನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಟಾಲ್ಕಂ ಪೌಡರ್ ಉದುರಿಸಿ 10 ನಿಮಿಷ ಓಡಿಸಿ. ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಅಲ್ವಾ? ಹಾಗಾಗಿ ಎಲ್ಲಕ್ಕಿಂತ ಮೇಲೆ, ಮುಂದೆ ಒದ್ದೆಯಾದ ಜಾಗದಿಂದ ಹುಡುಕಿ.

ನನ್ನ 650 ಸಿಸಿ ಬಾನೆವಿಲ್‌ನಲ್ಲಿ ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ. ಅದು ಶುರುವಾಗಿದ್ದು ರಾಕರ್‌ಗೆ (ವಾಲ್ವ್ ತೆರೆಯುವ ಸನ್ನೆ) ಎಣ್ಣೆ ಹೋಗುವ ಪೈಪಿನ ನಟ್‌ನಿಂದ. ಹಳೆಯ ತಾಮ್ರದ ವಾಷರನ್ನು ನಾನೇ ಹಾಗೇ ಹಾಕಿದ್ದೆ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ, ಮೆತ್ತಗಾಯಿತು, ಸೋರಿಕೆ ನಿಂತಿತು. ಸುಮ್ನೆ ಜಾಸ್ತಿ ಬಿಗಿ ಮಾಡಿದರೆ ಥ್ರೆಡ್ ಹೋಗುತ್ತದೆ.

ಈ ಹಳೆಯ ಗಾಡಿಗಳಲ್ಲಿ ಎಂಜಿನ್ ಎಣ್ಣೆಗೆ ಬೇರೆ ಟ್ಯಾಂಕ್ ಇರುತ್ತದೆ; ತಿಂಗಳುಗಟ್ಟಲೆ ನಿಂತರೆ ಆ ಎಣ್ಣೆ ಪಂಪ್ ದಾಟಿ ಎಂಜಿನ್ ತಳದ ಕ್ರ್ಯಾಂಕ್‌ಕೇಸಿಗೆ ಇಳಿದಿರಬಹುದು. ಸ್ಟಾರ್ಟ್ ಮಾಡುವ ಮುಂಚೆ ಬಸಿಯಿರಿ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡವೇ ಜಾಯಿಂಟ್‌ಗಳಿಂದ ಎಣ್ಣೆ ಹೊರಹಾಕುತ್ತದೆ, ಅದನ್ನೂ ನೋಡಿ.

2001ರಿಂದ ಬಂದ ಬಾನೆವಿಲ್‌ಗಳಲ್ಲಿ ಎಣ್ಣೆ ಎಂಜಿನ್ ತಳದಲ್ಲೇ ಇರುತ್ತದೆ. ಅಲ್ಲಿ ಮೊದಲು ಡ್ರೈನ್ ಪ್ಲಗ್ ವಾಷರ್ ನೋಡಿ.