ಹಳೆ ಗಾಡಿಗೆ ಹೊಸ ಕೀ ಮಾಡಿಸುವಾಗ ಗಮನಿಸಬೇಕಾದದ್ದು

ಹದಿನೈದು ಇಪ್ಪತ್ತು ವರ್ಷ ಓಡಿದ ಗಾಡಿಯ ಡೂಪ್ಲಿಕೇಟ್ ಕೀ ಸರಿಯಾಗಿ ತಿರುಗದಿದ್ದರೆ ಜನ ಕೀ ಮಾಡಿಕೊಟ್ಟವರನ್ನು ಬೈಯುತ್ತಾರೆ. ಬಹಳಷ್ಟು ಸಲ ತಪ್ಪು ಇರುವುದು ಮಾದರಿಯಾಗಿ ಕೊಟ್ಟ ಕೀಯಲ್ಲಿ. ದಿನಾ ಬಳಸಿ ಸವೆದ ಕೀಯನ್ನು ಮೆಷಿನ್‌ಗೆ ಕೊಟ್ಟರೆ ಅದು ಆ ಸವೆತವನ್ನೂ ಹಾಗೇ ಕತ್ತರಿಸುತ್ತದೆ. ಲಾಕ್ ಒಳಗೆ ಸ್ಪ್ರಿಂಗ್ ಮೇಲೆ ಕೂತ ತೆಳು ಹಿತ್ತಾಳೆ ಪಟ್ಟಿಗಳಿರುತ್ತವೆ, ಕೀಯ ಹಲ್ಲುಗಳು ಅವನ್ನು ಸರಿಯಾದ ಜಾಗಕ್ಕೆ ಕೂರಿಸಿದರೆ ಮಾತ್ರ ಲಾಕ್ ತಿರುಗುತ್ತದೆ. ಕೀ ಹಲ್ಲಿನ ಒಂದು ಅಳತೆಗೂ ಮುಂದಿನ ಅಳತೆಗೂ ನಡುವೆ ಸಾಮಾನ್ಯವಾಗಿ ಅರ್ಧ ಮಿ.ಮೀ. ಆಸುಪಾಸಿನ ಅಂತರ. ಹಾಗಾಗಿ ಕಾಲು ಮಿ.ಮೀ. ತಪ್ಪಿದರೂ ಪಟ್ಟಿ ಜಾಗಕ್ಕೆ ಕೂರದೆ ಕೀ ಸಿಕ್ಕಿಹಾಕಿಕೊಳ್ಳುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೊಮ್ಮೆ ಹುಡುಕಿ. ಗಾಡಿ ಜೊತೆ ಬಂದ ಎರಡನೇ ಕೀ ಬೀರುವಿನಲ್ಲೋ ಆರ್‌ಸಿ ಇಟ್ಟ ಕವರಿನಲ್ಲೋ ಸಿಕ್ಕರೆ ಅದನ್ನೇ ಮಾದರಿಯಾಗಿ ಕೊಡಿ, ದಿನಾ ಬಳಸುವುದನ್ನಲ್ಲ. ಎಷ್ಟೋ ಗಾಡಿಗಳಲ್ಲಿ ಕೀ ಗೊಂಚಲಿಗೆ ಸಣ್ಣ ತಗಡಿನ ಬಿಲ್ಲೆ ಕಟ್ಟಿ ಅದರಲ್ಲಿ ಕೀ ನಂಬರ್ ಒತ್ತಿರುತ್ತಾರೆ. ಕೆಲವದರಲ್ಲಿ ಆ ನಂಬರ್ ಕೀಯ ತಲೆಯ ಮೇಲೋ ಲಾಕ್‌ನ ಮೈಮೇಲೋ ಇರುತ್ತದೆ. ಚಾಸಿ ನಂಬರ್ ಬೇರೆ, ಇದು ಬೇರೆ. ನಂಬರ್ ಗೊತ್ತಿದ್ದರೆ ಕಾರ್ಖಾನೆಯ ಅಳತೆಗೇ ಹೊಸದಾಗಿ ಕತ್ತರಿಸಬಹುದು, ಸವೆತದ ಪ್ರಶ್ನೆಯೇ ಇಲ್ಲ. ರಸ್ತೆ ಬದಿಯ ಮೆಷಿನ್‌ಗಳು ಹೆಚ್ಚಾಗಿ ಬರೀ ನಕಲು ಮಾಡುವಂಥವು, ಆದ್ದರಿಂದ "ನಂಬರ್ ನೋಡಿ ಕಟ್ ಮಾಡ್ತೀರಾ?" ಅಂತ ಮೊದಲೇ ಕೇಳಿ.

ಎರಡೂ ಸಿಗದಿದ್ದರೆ ಸವೆದ ಕೀಯನ್ನೇ ಕೊಡಬೇಕಾಗುತ್ತದೆ. ಕೈ ಪಳಗಿದವರು ಮಾದರಿ ಕೀಯ ಅಡಿಗೆ ತೆಳು ತಗಡಿನ ಚೂರು ಕೊಟ್ಟು ಸ್ವಲ್ಪ ಎತ್ತರಿಸಿ ಕತ್ತರಿಸುತ್ತಾರೆ, ಆಗ ಹೊಸ ಹಲ್ಲುಗಳು ಆ ಚೂರಿನ ದಪ್ಪದಷ್ಟು ಎತ್ತರ ಉಳಿಯುತ್ತವೆ. ಇದಕ್ಕೂ ಮಿತಿಯಿದೆ. ತುದಿಯ ಕಡೆ ಹಲ್ಲುಗಳು ಒಳಗೆ ಹೋಗುವಾಗಲೂ ಬರುವಾಗಲೂ ಎಲ್ಲ ಪಟ್ಟಿಗಳನ್ನೂ ಉಜ್ಜಿಕೊಂಡು ಹೋಗುವುದರಿಂದ ಅಲ್ಲೇ ಸವೆತ ಜಾಸ್ತಿ, ಬುಡದಲ್ಲಿ ಕಡಿಮೆ. ಒಂದೇ ದಪ್ಪದ ಚೂರು ಎರಡನ್ನೂ ಸರಿಮಾಡಲಾರದು. ಕೊನೆಗೆ ಅರದಲ್ಲಿ ಒಂದೊಂದೇ ಹಲ್ಲು ನೋಡಿ ತೀಡಬೇಕಾಗುತ್ತದೆ, ಅದಕ್ಕೆ ಗಾಡಿಯೂ ಅಂಗಡಿ ಮುಂದೆಯೇ ಇರಬೇಕು.

ಬ್ಲ್ಯಾಂಕ್ ಕೀ, ಅಂದರೆ ಇನ್ನೂ ಹಲ್ಲು ಕತ್ತರಿಸದ ಕೀ, ಆರಿಸುವಾಗ ಉದ್ದಕ್ಕೂ ಇರುವ ಗೀರು ಎರಡೂ ಬದಿ ಹಳೆ ಕೀಗೆ ಹೊಂದುತ್ತದೆಯೇ ನೋಡಿ. ಕತ್ತರಿಸುವ ಮೊದಲೇ ಬ್ಲ್ಯಾಂಕ್‌ನ ತುದಿಯನ್ನು ಲಾಕ್‌ನ ಬಾಯಿಗೆ ಇಟ್ಟು ನೋಡಬಹುದು, ಗೀರು ಬೇರೆಯಾಗಿದ್ದರೆ ಬಾಯಲ್ಲೇ ನಿಲ್ಲುತ್ತದೆ. "ಸ್ವಲ್ಪ ಉಜ್ಜಿದರೆ ಹೋಗುತ್ತೆ ಸಾರ್" ಅಂದರೆ ಬೇಡ ಅನ್ನಿ. ಉಜ್ಜಿ ತೆಳುವಾದ ಕೀ ಒಂದು ದಿನ ಹ್ಯಾಂಡಲ್ ಲಾಕ್ ತೆಗೆಯುವಾಗ ಒಳಗೇ ಮುರಿಯುತ್ತದೆ. ಹಳೆ ಮಾಡೆಲ್ಲಿನ ಬ್ಲ್ಯಾಂಕ್ ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ.

ಮೆಷಿನ್‌ನ ಹಿಡಿಕೆಯಲ್ಲಿ ಮಾದರಿ ಕೀ, ಬ್ಲ್ಯಾಂಕ್ ಬಿಗಿಯುವಾಗ ಎರಡರ ಭುಜ, ಅಂದರೆ ತಲೆಯ ಬುಡದ ಮೆಟ್ಟಿಲು, ಒಂದೇ ಗೆರೆಗೆ ಬರಬೇಕು. ಬ್ಲ್ಯಾಂಕ್ ಒಂದು ಮಿ.ಮೀ. ಹಿಂದೆ ಮುಂದೆ ಜಾರಿದರೂ ಹಲ್ಲುಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ, ಆಮೇಲೆ ಎಷ್ಟು ತೀಡಿದರೂ ಅದು ತಿರುಗುವುದಿಲ್ಲ. ಎರಡೂ ಅಂಚಿನಲ್ಲಿ ಹಲ್ಲಿರುವ ಕಾರಿನ ಕೀಯಾದರೆ ತಿರುಗಿಸಿಟ್ಟು ಎರಡೂ ಕಡೆ ಕತ್ತರಿಸಬೇಕು. ಕತ್ತರಿಸಿದ ಮೇಲೆ ಅಂಚಿನಲ್ಲಿ ಉಳಿಯುವ ಲೋಹದ ಸಿಬಿರನ್ನು ತಂತಿ ಬ್ರಷ್‌ನಲ್ಲಿ ಪೂರ್ತಿ ತೆಗೆಸಿ. ಬೆರಳು ಸವರಿದಾಗ ಚುಚ್ಚಿದರೆ ಒಳಗಿನ ಪಟ್ಟಿಗಳನ್ನೂ ಅದು ಕೆರೆಯುತ್ತದೆ.

ದುಡ್ಡು ಕೊಡುವ ಮೊದಲು ಎಲ್ಲ ಲಾಕ್‌ಗಳಲ್ಲೂ ಹಾಕಿ ನೋಡಿ: ಇಗ್ನಿಷನ್, ಹ್ಯಾಂಡಲ್ ಲಾಕ್, ಟ್ಯಾಂಕ್ ಮುಚ್ಚಳ, ಸೈಡ್ ಬಾಕ್ಸ್, ಕಾರಾದರೆ ಎರಡೂ ಬಾಗಿಲು, ಡಿಕ್ಕಿ. ಅಲ್ಲಾಡಿಸಿದರೆ ಮಾತ್ರ ತಿರುಗುತ್ತದೆ ಅಂದರೆ ಹಲ್ಲಿನ ಆಳ ತಪ್ಪಿದೆ. ತಿರುಗುತ್ತದೆ ಆದರೆ ಹೊರಗೆ ಬರುವಾಗ ಹಿಡಿಯುತ್ತದೆ ಅಂದರೆ ಸಿಬಿರು ಉಳಿದಿದೆ, ಇಲ್ಲವೇ ಹಲ್ಲಿನ ಇಳಿಜಾರು ತೀರಾ ಕಡಿದಾಗಿದೆ. ಎಂಜಿನ್ ಓಡುತ್ತಿರುವಾಗಲೇ ಕೀ ಕೈಗೆ ಬಂದರೆ ಸಾಮಾನ್ಯವಾಗಿ ಲಾಕ್ ಒಳಗೇ ಸವೆದಿದೆ ಎಂದರ್ಥ, ಹೊಸ ಕೀ ಮಾಡಿಸಿ ಪ್ರಯೋಜನವಿಲ್ಲ. ಬಿಗಿ ಇದ್ದರೆ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಅಂಟಾಗುತ್ತದೆ. ಗ್ರಾಫೈಟ್ ಪುಡಿ ಚಿಟಿಕೆಯಷ್ಟು ಹಾಕಿ ಹತ್ತಾರು ಸಲ ಕೀ ಆಡಿಸಿದರೆ ಸಾಕು.

ಇದ್ದ ಕೀಗಳೆಲ್ಲ ಕಳೆದುಹೋಗಿದ್ದರೆ ಲಾಕ್‌ನಿಂದಲೇ ಅಳತೆ ತೆಗೆಯಬೇಕು. ಹಳೆ ಮಾರುತಿ 800ರಂಥ ಕಾರಿನಲ್ಲಿ ಇಗ್ನಿಷನ್‌ಗೆ ಕೈ ಹಾಕುವುದಕ್ಕಿಂತ ಎಡ ಬಾಗಿಲಿನ ಲಾಕ್ ಬಿಚ್ಚುವುದು ವಾಸಿ. ಸ್ಟಿಯರಿಂಗ್ ಲಾಕ್‌ನ ಬೋಲ್ಟುಗಳ ತಲೆ ಬಿಗಿದಾಗಲೇ ಮುರಿದುಹೋಗುವಂತೆ ಮಾಡಿರುತ್ತಾರೆ, ಸ್ಪ್ಯಾನರ್‌ಗೆ ಸಿಗುವುದಿಲ್ಲ. ಬಾಗಿಲಿನ ಲಾಕ್ ಸಾಮಾನ್ಯವಾಗಿ ಒಳಗಡೆ ಒಂದು ಕ್ಲಿಪ್‌ನಲ್ಲಿ ನಿಂತಿರುತ್ತದೆ. ಜೊತೆಗೆ ಎಡ ಬಾಗಿಲಿಗೆ ಕೀ ಹಾಕುವುದು ಅಪರೂಪ, ಹಾಗಾಗಿ ಅದರ ಪಟ್ಟಿಗಳು ಹೆಚ್ಚು ಸವೆದಿರುವುದಿಲ್ಲ. ಲಾಕ್‌ನ ನಡುವಿನ ಸಿಲಿಂಡರ್ ಹೊರತೆಗೆದು ಬ್ಲ್ಯಾಂಕ್ ತೂರಿಸಿದರೆ ಪಟ್ಟಿಗಳು ಮೈಯಿಂದ ಎದ್ದು ಕಾಣುತ್ತವೆ. ಎದ್ದ ಪಟ್ಟಿಯ ಎದುರಿನ ಜಾಗವನ್ನು ಎರಡೆರಡು ಸಲ ಅರ ಆಡಿಸಿ, ಮತ್ತೆ ತೂರಿಸಿ ನೋಡಿ, ಎಲ್ಲ ಪಟ್ಟಿಗಳೂ ಸಿಲಿಂಡರ್‌ನ ಮೈಗೆ ಸಮವಾಗಿ ಕೂತು ಬೆರಳಿಗೆ ನುಣ್ಣಗೆ ಸಿಗುವ ತನಕ ತೀಡಬೇಕು. ಒಂದು ಪಟ್ಟಿ ಒಳಕ್ಕೆ ಇಳಿದುಬಿಟ್ಟರೆ ಅರ ಜಾಸ್ತಿಯಾಗಿದೆ, ಆ ಬ್ಲ್ಯಾಂಕ್ ಬಿಸಾಕಿ ಹೊಸದರಲ್ಲಿ ಶುರುಮಾಡಬೇಕು. ಇಗ್ನಿಷನ್‌ಗೂ ಬಾಗಿಲಿಗೂ ಒಂದೇ ಕೀ ಇದ್ದ ಗಾಡಿಗೆ ಮಾತ್ರ ಈ ದಾರಿ. ಬೈಕಿಗಾದರೆ ಇಷ್ಟು ಕಷ್ಟಪಡುವ ಬದಲು ಇಗ್ನಿಷನ್ ಮತ್ತು ಟ್ಯಾಂಕ್ ಮುಚ್ಚಳ ಸೇರಿದ ಲಾಕ್ ಸೆಟ್ ಹಾಕಿಸುವುದೇ ಎಷ್ಟೋ ಸಲ ಲೇಸು. ಹಾಕಿಸಿದ ಮೇಲೆ ಆಫ್ ಮಾಡಿದರೂ ಎಂಜಿನ್ ನಿಲ್ಲದಿದ್ದರೆ ವೈರ್ ತಪ್ಪಾಗಿ ಸೇರಿದೆ.

ಕೀ ಮುರಿದಿದ್ದರೆ ಎರಡೂ ತುಂಡು ತನ್ನಿ, ಜೋಡಿಸಿಟ್ಟು ನಕಲು ಮಾಡಬಹುದು. ಲಾಕ್ ಒಳಗೆ ಉಳಿದ ತುಂಡಿಗೆ ಫೆವಿಕ್ವಿಕ್ ಹಾಕಿ ಎಳೆಯಲು ಮಾತ್ರ ಹೋಗಬೇಡಿ, ಲಾಕೇ ಹೋಗುತ್ತದೆ.

ಕಾರಿಗೆ ಇಮ್ಮೊಬಿಲೈಸರ್, ಅಂದರೆ ಸರಿಯಾದ ಚಿಪ್ ಇಲ್ಲದ ಕೀಗೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ, ಇದ್ದರೆ ಲೆಕ್ಕ ಬೇರೆ. ಮಾರುತಿಯವರು ಇದನ್ನು ಐ-ಕ್ಯಾಟ್ಸ್ ಎನ್ನುತ್ತಾರೆ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಚಿಪ್ ಇರುತ್ತದೆ. ಬರೀ ಲೋಹದ ನಕಲು ಬಾಗಿಲು ತೆಗೆಯುತ್ತದೆ, ಎಂಜಿನ್ ಓಡಿಸುವುದಿಲ್ಲ. ಹಾಗಿದ್ದರೂ ಅಂಥ ನಕಲೊಂದು ಪರ್ಸಿನಲ್ಲಿರಲಿ, ಕೀ ಒಳಗೇ ಬಿಟ್ಟು ಬಾಗಿಲು ಹಾಕಿಕೊಂಡ ದಿನ ಕೆಲಸಕ್ಕೆ ಬರುತ್ತದೆ.

ಅಂಗಡಿಗೆ ಹೋಗುವಾಗ ಆರ್‌ಸಿ ಮತ್ತು ಗುರುತಿನ ಚೀಟಿ ಒಯ್ಯಿರಿ. ಅದನ್ನು ಕೇಳುವ ಅಂಗಡಿಯನ್ನೇ ನಂಬಿ. ಕೀ ಕಳೆದಿದ್ದರೆ ಪೊಲೀಸರಲ್ಲಿ ದೂರು ದಾಖಲಿಸಿ ಪ್ರತಿ ಇಟ್ಟುಕೊಳ್ಳಿ. ಗಾಡಿ ಕಳುವಾದಾಗ ವಿಮೆ ಕಂಪನಿಯವರು ಸಾಮಾನ್ಯವಾಗಿ ಮೂಲ ಕೀಗಳೆರಡನ್ನೂ ಕೇಳುತ್ತಾರೆ, ಆದ್ದರಿಂದ ಸವೆದ ಹಳೆ ಕೀಯನ್ನು ಗುಜರಿಗೆ ಹಾಕಬೇಡಿ. ಕೀ ನಂಬರ್ ಸಿಕ್ಕಿದ್ದರೆ ಆರ್‌ಸಿ ಪ್ರತಿಯ ಹಿಂದೆ ಬರೆದಿಡಿ, ಗಾಡಿಯೊಳಗೆ ಮಾತ್ರ ಬೇಡ.