ಬ್ರಿಟನ್ನಿಗೆ ಹೊರಟಿದ್ದೀರಾ? ಅಲ್ಲಿ ಡಾಕ್ಟರಿಗೆ ತೋರಿಸುವುದು ಹೀಗೆ

ಮೈಸೂರಲ್ಲಿ ಮಂಡಿ ನೋವು ಬಂದರೆ ಸೀದಾ ಮೂಳೆ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ಟೋಕನ್ ತಗೊಂಡು ಕೂರುತ್ತೇವೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಕೆ.ಆರ್. ಆಸ್ಪತ್ರೆ, ಮಂಡ್ಯದವರಾದರೆ ಮಿಮ್ಸ್. ಅಲ್ಲೂ ಒಂದು ಚೀಟಿ ಬರೆಸಿದರೆ ಆಯಿತು. ಬ್ರಿಟನ್ನಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಮಂಡ್ಯದ ನಮ್ಮಕ್ಕನ ಮಗಳು ಕೆಲಸಕ್ಕೆಂದು ಲೀಡ್ಸ್‌ಗೆ ಹೋದಳು. ಮೂರನೇ ತಿಂಗಳಲ್ಲಿ ಗಂಟಲು ನೋವು. "ಚಿಕ್ಕಮ್ಮ, ಸಾವಿರ ಪೌಂಡ್ ಮೊದಲೇ ಕಟ್ಟಿಸ್ಕೊಂಡಿದ್ದಾರೆ, ಒಬ್ಬ ಡಾಕ್ಟರೂ ಸಿಗ್ತಿಲ್ಲ" ಅಂತ ಫೋನು. ತಪ್ಪು ಅವಳದೇ. ದುಡ್ಡು ಕಟ್ಟಿದ್ದಳು, ಯಾವ ಕ್ಲಿನಿಕ್ಕಿನಲ್ಲೂ ಹೆಸರು ಬರೆಸಿರಲಿಲ್ಲ.

ಮೊದಲು ದುಡ್ಡಿನ ವಿಷಯ

ಆರು ತಿಂಗಳಿಗಿಂತ ಜಾಸ್ತಿ ಅವಧಿಯ ವೀಸಾ ಆದರೆ ಅರ್ಜಿ ಹಾಕುವಾಗಲೇ ಇಮಿಗ್ರೇಷನ್ ಹೆಲ್ತ್ ಸರ್ಚಾರ್ಜ್, ಅಂದರೆ ಅಲ್ಲಿನ ಸರ್ಕಾರಿ ಚಿಕಿತ್ಸೆಗೆಂದು ಶುಲ್ಕ, ಕಟ್ಟಬೇಕು. 2024ರ ಫೆಬ್ರವರಿಯಲ್ಲಿ ಇದನ್ನು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೂ 18 ತುಂಬದ ಮಕ್ಕಳಿಗೂ 776 ಪೌಂಡ್ ಮಾಡಿದರು. ಮೂರು ವರ್ಷದ ವೀಸಾಕ್ಕೆ ಮೂರು ವರ್ಷದ್ದೂ ಒಟ್ಟಿಗೇ ಕಟ್ಟಬೇಕು. ಗಂಡ, ಹೆಂಡತಿ, ಒಂದು ಮಗು ಅಂದರೆ 8,538 ಪೌಂಡ್! ಇದನ್ನು ಕಂಪನಿ ಕೊಡುತ್ತದಾ ಅಂತ ಆಫರ್ ಒಪ್ಪಿಕೊಳ್ಳುವ ಮುಂಚೆಯೇ ಕೇಳಿ. ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಹೋಗುವ ನರ್ಸು, ಡಾಕ್ಟರುಗಳಿಗೆ ಇದು ಇಲ್ಲ.

ಊರು ಬಿಡುವ ಮುಂಚೆ

ನಾವು ಮಾತ್ರೆಯನ್ನು ಕಂಪನಿ ಇಟ್ಟ ಹೆಸರಿನಲ್ಲೇ ಕೇಳುತ್ತೇವೆ. ಡೋಲೋ, ಗ್ಲೈಕೋಮೆಟ್, ಟೆಲ್ಮಾ ಅಂದರೆ ಅಲ್ಲಿನ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಪ್ಯಾರಸಿಟಮಾಲ್, ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಅನ್ನಬೇಕು. ಹಾಗಾಗಿ ನಿಮ್ಮ ಡಾಕ್ಟರ ಹತ್ತಿರ ಕಾಯಿಲೆ, ಮಾತ್ರೆಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂದು ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿಸಿಕೊಳ್ಳಿ. ಕೈಬರಹ ಬೇಡ. ನಮ್ಮ ಮೆಡಿಕಲ್ ಶಾಪಿನವರು ಓದಿಬಿಡುತ್ತಾರೆ, ಅಲ್ಲಿ ಓದುವವರಿಲ್ಲ. ಮಕ್ಕಳಿದ್ದರೆ ಲಸಿಕೆ ದಾಖಲೆ ಇರುವ ತಾಯಿ ಕಾರ್ಡ್ ಮರೆಯಬೇಡಿ.

ಹಲ್ಲಿನ ಕೆಲಸ ಏನಿದ್ದರೂ ಇಲ್ಲೇ ಮುಗಿಸಿ. ಸರ್ಕಾರಿ ದರದಲ್ಲಿ ಹೊಸಬರನ್ನು ನೋಡುವ ಹಲ್ಲಿನ ಡಾಕ್ಟರು ಅಲ್ಲಿ ಸಿಗುವುದೇ ಕಷ್ಟ. ಸರ್ಚಾರ್ಜ್ ಕಟ್ಟಿದ್ದರೂ ಹಲ್ಲಿಗೆ ಬೇರೆ ದುಡ್ಡು.

ಸಕ್ಕರೆ ಕಾಯಿಲೆಯವರು ಇನ್ನೊಂದು ತಿಳಿದಿರಬೇಕು. ಅಲ್ಲಿನ ಅಳತೆ ಬೇರೆ. ನಮ್ಮ ಅಂಕಿಯನ್ನು 18ರಿಂದ ಭಾಗಿಸಿದರೆ ಅವರದು ಬರುತ್ತದೆ. ಇಲ್ಲಿನ 180 ಅಲ್ಲಿ 10. "ಶುಗರ್ ಏಳು ಬಂದಿದೆ" ಅಂತ ಮಗ ಫೋನ್ ಮಾಡಿದರೆ ಗಾಬರಿ ಬೇಡ, ಅದು ನಮ್ಮ 126.

ಹೋದ ಮೊದಲ ವಾರ

ಮನೆ ಸಿಕ್ಕಿದ ಕೂಡಲೇ ಹತ್ತಿರದ ಜಿಪಿ ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿ. ಜಿಪಿ ಅಂದರೆ ನಮ್ಮ ಹಳೇ ಕಾಲದ ಫ್ಯಾಮಿಲಿ ಡಾಕ್ಟರ್ ಥರ. ಆನ್‌ಲೈನಲ್ಲೂ ಆಗುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕೆ ವಿಳಾಸದ ಪುರಾವೆಯಾಗಲಿ ಪಾಸ್‌ಪೋರ್ಟಾಗಲಿ ಕಡ್ಡಾಯ ಅಲ್ಲ. ಕೌಂಟರಿನಲ್ಲಿ ಕೇಳಿದರೆ, ಇದ್ದರೆ ತೋರಿಸಿ. ಇಲ್ಲ ಅನ್ನುವ ಕಾರಣಕ್ಕೆ ವಾಪಸ್ ಕಳಿಸುವಂತಿಲ್ಲ. ಎದೆ, ಮೂಳೆ, ಚರ್ಮ, ಯಾವ ಸ್ಪೆಷಲಿಸ್ಟ್ ಬೇಕಾದರೂ ಸಾಮಾನ್ಯವಾಗಿ ಈ ಜಿಪಿ ಬರೆದು ಕಳಿಸಬೇಕು.

ಹುಷಾರು ತಪ್ಪಿದಾಗ

ಗಂಟಲು ನೋವು, ಮಕ್ಕಳ ಕಿವಿ ನೋವು, ಸೈನಸ್, ಸರ್ಪಸುತ್ತು, ಹೆಂಗಸರ ಉರಿಮೂತ್ರ ಇಂಥವಕ್ಕೆ ಇಂಗ್ಲೆಂಡಿನಲ್ಲಿ ಮೊದಲು ಫಾರ್ಮಸಿಗೆ ಹೋಗಿ. 2024ರ ಜನವರಿಯಿಂದ ಇಂಥ ಏಳು ತೊಂದರೆಗೆ ಫಾರ್ಮಸಿಸ್ಟೇ ನೋಡಿ, ಬೇಕಿದ್ದರೆ ಆಂಟಿಬಯಾಟಿಕ್ ಕೊಡಬಹುದು. ನಮ್ಮ ಹುಡುಗಿಯ ಗಂಟಲು ವಾಸಿಯಾದದ್ದು ಹೀಗೆ. ಸುಮ್ನೆ ಹೋಗಿ "ಐದು ದಿನದ ಅಜಿತ್ರೋಮೈಸಿನ್ ಕೊಡಿ" ಅಂದರೆ ಮಾತ್ರ ಕೊಡುವುದಿಲ್ಲ.

ಮಿಕ್ಕಿದ್ದಕ್ಕೆ ಜಿಪಿ. ಬೆಳಿಗ್ಗೆ 8ಕ್ಕೇ ಫೋನ್ ಮಾಡಿ, ತಡವಾದರೆ ಆ ದಿನದ ಸರದಿ ಮುಗಿದಿರುತ್ತದೆ. ಜ್ವರ ಅಂದರೆ ಹೆಚ್ಚಾಗಿ ಪ್ಯಾರಸಿಟಮಾಲ್ ತಗೊಳ್ಳಿ, ನೀರು ಕುಡೀರಿ ಅನ್ನುತ್ತಾರೆ. ಇಂಜೆಕ್ಷನ್ ಚುಚ್ಚದವರು ಡಾಕ್ಟರೇ ಅಲ್ಲ ಅನ್ನುವ ನಮ್ಮೂರಿನವರಿಗೆ ಇದು ಸಮಾಧಾನ ಕೊಡುವುದಿಲ್ಲ, ಆದರೆ ಅವರು ಹೇಳುವುದು ಸರಿಯೇ. ರಾತ್ರಿ ಹೊತ್ತು ಏನು ಮಾಡಬೇಕು ತಿಳಿಯದಿದ್ದರೆ 111ಕ್ಕೆ ಫೋನ್ ಮಾಡಿ. ಎದೆನೋವು, ಪ್ರಜ್ಞೆ ತಪ್ಪುವುದು ಇಂಥದ್ದಕ್ಕೆ 999.

ಇಂಗ್ಲೆಂಡಿನಲ್ಲಿ ಚೀಟಿಯಲ್ಲಿ ಬರೆದ ಒಂದೊಂದು ಔಷಧಿಗೂ 9.90 ಪೌಂಡ್. ಆದರೆ ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಜಿಪಿ ಹತ್ತಿರ ವಿನಾಯಿತಿ ಅರ್ಜಿ ಕೇಳಿದರೆ ಎಲ್ಲ ಔಷಧಿಯೂ ಉಚಿತ. ಎಷ್ಟೋ ಜನ ಕೇಳುವುದೇ ಇಲ್ಲ. ಬಸುರಿಯರಿಗೆ, 16ರೊಳಗಿನ ಮಕ್ಕಳಿಗೆ, 60 ದಾಟಿದವರಿಗೂ ದುಡ್ಡಿಲ್ಲ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಯಾರಿಗೂ ಇಲ್ಲ.

ಖಾಸಗಿ ಆಸ್ಪತ್ರೆ

ಕಂಪನಿ ವಿಮೆ ಕೊಟ್ಟರೆ ಬಿಡಬೇಡಿ. ಮಂಡಿ ಆಪರೇಷನ್ ಥರದ್ದಕ್ಕೆ ಸರ್ಕಾರಿ ಕ್ಯೂ ತಿಂಗಳುಗಟ್ಟಲೆ ಇರುತ್ತದೆ, ಅಲ್ಲಿ ಇದು ಉಪಯೋಗ. ಮೊದಲೇ ಇದ್ದ ಬಿಪಿ, ಶುಗರ್‌ಗೆ ಸಾಮಾನ್ಯವಾಗಿ ಈ ವಿಮೆ ಬರುವುದಿಲ್ಲ. ಪ್ರಾಣಾಪಾಯ ಬಂದರೆ ಶ್ರೀಮಂತರೂ ಸರ್ಕಾರಿ ಎಮರ್ಜೆನ್ಸಿಗೇ ಹೋಗುವುದು. ಖಾಸಗಿ ವಿಮೆ ಇದೆ ಅಂತ ಸರ್ಚಾರ್ಜ್ ಮಾತ್ರ ತಪ್ಪುವುದಿಲ್ಲ.

ಅಪ್ಪ ಅಮ್ಮ ಬಂದಾಗ

ಆರು ತಿಂಗಳ ವಿಸಿಟರ್ ವೀಸಾದಲ್ಲಿ ಬರುವವರು ಸರ್ಚಾರ್ಜ್ ಕಟ್ಟಿರುವುದಿಲ್ಲ. ಜಿಪಿ ನೋಡುವುದಕ್ಕೆ, ಎಮರ್ಜೆನ್ಸಿ ವಿಭಾಗದಲ್ಲಿ ನೋಡುವುದಕ್ಕೆ ದುಡ್ಡಿಲ್ಲ. ವಾರ್ಡಿಗೆ ಸೇರಿಸಿಕೊಂಡರೆ ಬಿಲ್ ಶುರು, ಅದೂ ಮಾಮೂಲಿ ದರದ ಒಂದೂವರೆ ಪಟ್ಟು. 500 ಪೌಂಡ್ ಅಥವಾ ಜಾಸ್ತಿ ಬಾಕಿ ಉಳಿಸಿ ಬಂದರೆ ಮುಂದಿನ ವೀಸಾಕ್ಕೆ ತೊಡಕಾಗಬಹುದು. ಟ್ರಾವೆಲ್ ಇನ್ಶುರೆನ್ಸ್ ಇಲ್ಲಿಂದಲೇ ಮಾಡಿಸಿ. ಅಪ್ಪನ ಬಿಪಿ, ಹಳೇ ಸ್ಟೆಂಟ್ ಎಲ್ಲ ಬರೆಯಿರಿ. ಪ್ರೀಮಿಯಂ ಏರುತ್ತದೆ, ಏರಲಿ. ಮುಚ್ಚಿಟ್ಟರೆ ಬಿಲ್ ಬಂದ ದಿನ ಕಂಪನಿಯವರು ಕೈ ಎತ್ತುತ್ತಾರೆ.

ಅಮ್ಮನಿಗೆ ಇಂಗ್ಲಿಷ್ ಬರದಿದ್ದರೆ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕನ್ನಡದ ಇಂಟರ್‌ಪ್ರಿಟರ್ ಬೇಕು ಎನ್ನಿ. ಇದಕ್ಕೆ ದುಡ್ಡಿಲ್ಲ, ಹೆಚ್ಚಾಗಿ ಫೋನಿನಲ್ಲೇ ಮಾತಾಡಿಸುತ್ತಾರೆ. "ಹಿಂದಿ ಆಗುತ್ತಾ?" ಅಂದರೆ ಸಂಕೋಚಕ್ಕೆ ಹೂಂ ಅನ್ನಬೇಡಿ. ಹೊಟ್ಟೆ ಚುಚ್ಚುತ್ತೆ, ಹಿಂಡುತ್ತೆ, ಉರಿಯುತ್ತೆ ಅನ್ನುವುದು ಮೂರು ಬೇರೆ ಬೇರೆ ನೋವು, ಅಲ್ವಾ?