ಪೇಸ್‌ಮೇಕರ್ ಅಪ್‌ಗ್ರೇಡ್‌ಗೆ ನಾನು ತಯಾರಾದ ಬಗೆ

ನನಗೆ ಕಂಪ್ಲೀಟ್ ಹಾರ್ಟ್ ಬ್ಲಾಕ್ ಇದೆ. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟುವ ವಿದ್ಯುತ್ ಸಂಕೇತ ಕೆಳಗಿನ ಕೋಣೆಗೆ ಇಳಿಯುವುದಿಲ್ಲ. 2014ರಲ್ಲಿ ಎರಡು ತಂತಿಯ ಪೇಸ್‌ಮೇಕರ್ ಹಾಕಿದರು. ತಲೆಸುತ್ತು ನಿಂತಿತು. ಮತ್ತೆ ಶಾಲೆಗೆ ಹೋದೆ, ಪಾಠ ಮಾಡಿದೆ, ನಿವೃತ್ತಿಯೂ ಆಯಿತು. ಆಮೇಲೆ ನಿಧಾನವಾಗಿ ಉಸಿರು ಸಾಲದಂತಾಯಿತು. ಒದ್ದೆ ಬಟ್ಟೆಯ ಬಕೆಟ್ ಹಿಡಿದು ಮಹಡಿ ಹತ್ತಿದರೆ ನಡುವೆ ನಿಲ್ಲಬೇಕಿತ್ತು. ಸಂಜೆ ಹೊತ್ತಿಗೆ ಪಾದ ಊದುತ್ತಿತ್ತು. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿದಾಗ ಇಎಫ್ 34 ಬಂತು. ಒಂದೊಂದು ಬಡಿತಕ್ಕೂ ಹೃದಯದ ಎಡಗಡೆಯ ಕೆಳಕೋಣೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ ಅದು. 55ರ ಮೇಲಿದ್ದರೆ ಚೆನ್ನಾಗಿದೆ ಅಂತ ಅರ್ಥ.

ಅಪ್‌ಗ್ರೇಡ್ ಮಾಡಬೇಕು ಅಂತ ಡಾಕ್ಟರ್ ಹೇಳಿದಾಗ ಮನೆಯವರೆಲ್ಲ "ಬ್ಯಾಟರಿ ಬದಲಾಯಿಸೋದು ತಾನೇ" ಅಂದರು. ಅಲ್ಲ. ಬ್ಯಾಟರಿ ಬದಲಾವಣೆಯಲ್ಲಿ ಹಳೇ ಡಬ್ಬಿ ತೆಗೆದು ಹೊಸದನ್ನು ಅದೇ ತಂತಿಗಳಿಗೆ ಜೋಡಿಸುತ್ತಾರೆ, ಅಷ್ಟೇ. ಅಪ್‌ಗ್ರೇಡ್‌ನಲ್ಲಿ ಹೃದಯದೊಳಕ್ಕೆ ಹೊಸ ತಂತಿ ಹೋಗಬೇಕು. ಹಳೇ ತಂತಿಗಳು ಈಗಾಗಲೇ ಕೂತಿರುವ ರಕ್ತನಾಳದಲ್ಲೇ ಅದು ದಾರಿ ಹುಡುಕಬೇಕು. ಹಳೇ ಗಾಯವನ್ನೇ ಮತ್ತೆ ತೆರೆಯಬೇಕು. ಹಾಗಾಗಿ ತಯಾರಿಯೂ ಮೊದಲ ಸಲದಂತೆ ಇರುವುದಿಲ್ಲ.

ಹೃದಯ ಯಾಕೆ ಸೋತಿತು ಅನ್ನುವುದನ್ನು ಮೊದಲು ತಿಳಿದುಕೊಂಡೆ. ನನ್ನ ಹಳೇ ಪೇಸ್‌ಮೇಕರ್‌ನ ಕೆಳಗಿನ ತಂತಿ ಇದ್ದದ್ದು ಬಲಗಡೆಯ ಕೋಣೆಯಲ್ಲಿ. ಸಂಕೇತ ಅಲ್ಲಿಂದಲೇ ಶುರುವಾಗುವುದರಿಂದ ಬಲಭಾಗ ಮೊದಲು ಕುಗ್ಗುತ್ತದೆ, ಎಡಭಾಗ ಸ್ವಲ್ಪ ತಡವಾಗಿ. ಹೆಜ್ಜೆ ಕೂಡದ ಜೋಡಿ ಎತ್ತು ಗಾಡಿ ಎಳೆದಂತೆ. ಎಷ್ಟೋ ಜನ ವರ್ಷಗಟ್ಟಲೆ ಹೀಗೇ ಆರಾಮಾಗಿ ಇರುತ್ತಾರೆ. ಕೆಲವರಲ್ಲಿ ಮಾತ್ರ ಎಡಭಾಗ ಹಿಗ್ಗಿ ದುರ್ಬಲವಾಗುತ್ತದೆ. ಪೇಸ್‌ಮೇಕರ್ ಮೇಲೆ ಜಾಸ್ತಿ ಅವಲಂಬಿಸಿದವರಿಗೆ ಈ ಅಪಾಯ ಜಾಸ್ತಿ. ಪೇಸ್‌ಮೇಕರ್‌ನ ದಾಖಲೆ ಓದುವ ಪ್ರೋಗ್ರಾಮರ್ ಯಂತ್ರ ಇಟ್ಟು ಪರೀಕ್ಷೆ ಮಾಡಿದಾಗ ನನ್ನ ಕೆಳಕೋಣೆಯ ಪೇಸಿಂಗ್, ಅಂದರೆ ಸಾಧನವೇ ಬಡಿಸುವ ಬಡಿತ, ಶೇಕಡಾ 99 ಅಂತ ಬಂತು. ಅಷ್ಟಕ್ಕೇ ಡಾಕ್ಟರ್ ತೀರ್ಮಾನ ಮಾಡಲಿಲ್ಲ. ಆಂಜಿಯೋಗ್ರಾಮ್ ಮಾಡಿ ರಕ್ತನಾಳದಲ್ಲಿ ಅಡ್ಡಿ ಇಲ್ಲ ಅಂತ ಖಚಿತ ಮಾಡಿಕೊಂಡರು. ಥೈರಾಯ್ಡ್ ನೋಡಿದರು. ಹೃದಯದ ಮಾತ್ರೆಗಳನ್ನು ಸರಿಹೊಂದಿಸಿ ಕೆಲವು ತಿಂಗಳು ಕಾದರು. ಈ ಕಾಯುವಿಕೆ ನನಗೆ ಬೇಸರ ತಂದರೂ ಅದು ಬೇಕಿತ್ತು. ಕಾರಣ ಬೇರೆ ಇದ್ದಿದ್ದರೆ ಹೊಸ ತಂತಿಯಿಂದ ಏನೂ ಉಪಯೋಗ ಆಗುತ್ತಿರಲಿಲ್ಲ, ಅಲ್ವಾ?

ಪರಿಹಾರಕ್ಕೆ ಎರಡು ದಾರಿ ಇದ್ದವು. ಒಂದು ಸಿಆರ್‌ಟಿ. ಹೃದಯದ ಹಿಂಬದಿಯ ಸಿರೆಯೊಳಗೆ ಮೂರನೇ ತಂತಿ ತೂರಿಸಿ ಎಡಭಾಗವನ್ನೂ ಅದೇ ಹೊತ್ತಿಗೆ ಕುಗ್ಗುವಂತೆ ಮಾಡುವುದು. ಇನ್ನೊಂದು, ಹೃದಯದ ನಡುಗೋಡೆಯೊಳಗೆ ತಂತಿಯನ್ನು ತಿರುಚಿ ಕೂರಿಸಿ ಎಡಗಡೆಯ ಸಹಜ ವಿದ್ಯುತ್ ದಾರಿಯನ್ನೇ ಎಬ್ಬಿಸುವುದು. ಚೀನಾದ ವೈದ್ಯರು 2017ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಈಗ ನಮ್ಮಲ್ಲೂ ಮಾಡುತ್ತಾರೆ. ಮೊದಲು ಸಿಆರ್‌ಟಿ, ಸಿರೆ ಸರಿಹೋಗದಿದ್ದರೆ ಎರಡನೆಯದು ಅಂತ ನಮ್ಮ ಡಾಕ್ಟರ್ ಮುಂಚೆಯೇ ಹೇಳಿದ್ದರು. ಬುಡಾಪೆಸ್ಟ್ ಸಿಆರ್‌ಟಿ ಅಪ್‌ಗ್ರೇಡ್ ಅನ್ನುವ ಅಧ್ಯಯನ 2023ರಲ್ಲಿ ಪ್ರಕಟವಾಗಿದೆ. ನನ್ನಂಥ 360 ರೋಗಿಗಳು ಅದರಲ್ಲಿದ್ದರು. ಸಿಆರ್‌ಟಿಗೆ ಬದಲಾದವರು ಹಾರ್ಟ್ ಫೇಲ್ಯೂರ್‌ನಿಂದ ಆಸ್ಪತ್ರೆ ಸೇರುವುದು ಬಹಳ ಕಡಿಮೆಯಾಯಿತು. ಅದನ್ನು ಕೇಳಿದ ಮೇಲೆ ನನ್ನ ಮನಸ್ಸು ಗಟ್ಟಿಯಾಯಿತು. ಬಡಿತ ಅಪಾಯಕಾರಿಯಾಗಿ ಕೆಟ್ಟರೆ ಶಾಕ್ ಕೊಡುವ ಸಾಧನವೂ ಬೇಕಾ ಅಂತಲೂ ಕೇಳಿದೆ. ನನ್ನ ದಾಖಲೆಯಲ್ಲಿ ಅಪಾಯದ ಬಡಿತ ಕಂಡಿರಲಿಲ್ಲ, ಇಎಫ್ ಏರುವ ನಿರೀಕ್ಷೆಯೂ ಇತ್ತು. ಹಾಗಾಗಿ ಬೇಡ ಅಂದರು. ಇದು ಒಬ್ಬೊಬ್ಬರಿಗೆ ಒಂದೊಂದು ಥರ. ಕೇಳಿಯೇ ತಿಳಿಯಬೇಕು.

ನಂತರ ಹಳೇ ಕಾಗದಗಳನ್ನು ಹುಡುಕಿದೆ. ಪೇಸ್‌ಮೇಕರ್ ಕಾರ್ಡ್, 2014ರ ಡಿಸ್ಚಾರ್ಜ್ ಸಮ್ಮರಿ, ತಂತಿಗಳ ಮಾಡೆಲ್ ನಂಬರ್, ಎಲ್ಲವೂ ಬೇಕಾಯಿತು. ಹೊಸ ಡಬ್ಬಿಗೆ ಹಳೇ ತಂತಿಯ ತುದಿ ಕೂರುತ್ತದಾ, ಮುಂದೆ ಎಂಆರ್‌ಐ ಮಾಡಿಸಬಹುದಾ ಅನ್ನುವುದೆಲ್ಲ ಆ ನಂಬರ್ ಮೇಲೆ ನಿಂತಿದೆ. ಕಾರ್ಡಿನ ಫೋಟೋ ತೆಗೆದು ಮಗಳ ಮೊಬೈಲ್‌ಗೂ ಕಳಿಸಿದೆ.

ವೀನೋಗ್ರಾಮ್ ಬಗ್ಗೆ ಯಾರೂ ಹೆಚ್ಚು ಹೇಳುವುದಿಲ್ಲ. ಎಡಗೈ ಸಿರೆಗೆ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಕೊಟ್ಟು ಎಕ್ಸ್‌ರೇಯಲ್ಲಿ ಭುಜದ ಕೆಳಗಿನ ಸಿರೆ ತೆರೆದಿದೆಯಾ ನೋಡುತ್ತಾರೆ. ವರ್ಷಗಟ್ಟಲೆ ತಂತಿ ಇದ್ದರೆ ಸಿರೆ ಕಿರಿದಾಗಬಹುದು, ಪೂರ್ತಿ ಮುಚ್ಚಲೂಬಹುದು. ಮುಚ್ಚಿದ್ದರೆ ಹಳೇ ತಂತಿ ಹೊರತೆಗೆಯಬೇಕಾಗುತ್ತದೆ, ಇಲ್ಲವೇ ಬೇರೆ ದಾರಿ ಹುಡುಕಬೇಕಾಗುತ್ತದೆ. ಆಗ ಆಪರೇಷನ್ ಸ್ವರೂಪವೇ ಬದಲು. ನನ್ನದು ಕಿರಿದಾಗಿತ್ತು, ಆದರೆ ದಾರಿ ಇತ್ತು. ಕಾಂಟ್ರಾಸ್ಟ್ ಕಿಡ್ನಿಗೆ ಭಾರ ಆಗಬಹುದು. ಹಾಗಾಗಿ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯೇಟಿನಿನ್ ರಕ್ತಪರೀಕ್ಷೆ ಮೊದಲೇ ನೋಡಿದರು.

ಸೋಂಕಿನ ವಿಷಯದಲ್ಲಿ ನಾನು ಅತಿ ಹೆಚ್ಚು ಗಮನ ಕೊಟ್ಟೆ. ಮೊದಲ ಆಪರೇಷನ್‌ಗಿಂತ ಎರಡನೆಯದರಲ್ಲಿ ಸೋಂಕಿನ ಅಪಾಯ ಜಾಸ್ತಿ. ಸಾಧನಕ್ಕೆ ಸೋಂಕು ತಗುಲಿದರೆ ಬರೀ ಮಾತ್ರೆಯಿಂದ ವಾಸಿಯಾಗುವುದಿಲ್ಲ. ಸಾಮಾನ್ಯವಾಗಿ ಡಬ್ಬಿ, ತಂತಿ ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಒಂದು ಹಲ್ಲು ನೋಯುತ್ತಿತ್ತು. ಮೊದಲು ದಂತವೈದ್ಯರ ಹತ್ತಿರ ಹೋಗಿ ಅದನ್ನು ತೆಗೆಸಿದೆ. ಸಕ್ಕರೆ ಕಾಯಿಲೆ ಇರುವುದರಿಂದ ಎಚ್‌ಬಿಎ1ಸಿ, ಅಂದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ, ಹತೋಟಿಗೆ ತಂದುಕೊಂಡೆ. ಹಿಂದಿನ ರಾತ್ರಿ ಮತ್ತು ಅದೇ ಬೆಳಗ್ಗೆ ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕ ದ್ರಾವಣದಲ್ಲಿ ಸ್ನಾನ ಮಾಡಿದೆ. ಎದೆ ಭಾಗದಲ್ಲಿ ಮನೆಯಲ್ಲಿ ಬ್ಲೇಡ್ ಹಾಕಬೇಡಿ ಅಂತ ನರ್ಸ್ ಹೇಳಿದ್ದರು. ಸಣ್ಣ ಗೀರುಗಳೇ ಸೋಂಕಿಗೆ ಬಾಗಿಲು. ಕೊಯ್ಯುವ ಮೊದಲು ಆಂಟಿಬಯೋಟಿಕ್ ಇಂಜೆಕ್ಷನ್ ಕೊಡುತ್ತೀರಾ ಅಂತ ಕೇಳಿದೆ. ಡಬ್ಬಿಗೆ ಆಂಟಿಬಯೋಟಿಕ್ ಇರುವ ಜಾಲರಿ ಚೀಲ ಹಾಕುವ ಪದ್ಧತಿಯೂ ಇದೆ. ಈ ಚೀಲದ ಬಗ್ಗೆ ಸುಮಾರು 7,000 ಜನರ ಮೇಲೆ ನಡೆದ ಅಧ್ಯಯನ 2019ರಲ್ಲಿ ಬಂತು. ದೊಡ್ಡ ಸೋಂಕುಗಳು ಚೀಲದಿಂದ ಶೇಕಡಾ 40ರಷ್ಟು ಕಡಿಮೆಯಾದವು. ದುಬಾರಿಯಾದರೂ ಸಕ್ಕರೆ ಇರುವ ನನಗೆ ಹಾಕಿಸುವುದು ಒಳ್ಳೆಯದು ಅನ್ನಿಸಿತು, ಹಾಕಿಸಿದೆ.

ಮಾತ್ರೆಗಳ ಪಟ್ಟಿಯನ್ನು ಡಾಕ್ಟರ್ ಕೈಯಲ್ಲೇ ಬರೆಸಿಕೊಂಡೆ. ಯಾವುದು ನಿಲ್ಲಿಸಬೇಕು, ಯಾವತ್ತಿನಿಂದ, ಮತ್ತೆ ಯಾವಾಗ ಶುರು. ಸಕ್ಕರೆಗೂ ಹೃದಯಕ್ಕೂ ಕೊಡುವ ಡಾಪಾಗ್ಲಿಫ್ಲೋಜಿನ್ ಮಾತ್ರೆಯನ್ನು ಮೂರು ದಿನ ಮುಂಚೆ ನಿಲ್ಲಿಸಲು ಹೇಳಿದರು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ದಯವಿಟ್ಟು ಯಾರದೋ ಮಾತು ಕೇಳಿ ತಾವೇ ನಿಲ್ಲಿಸಬೇಡಿ. ನಿಲ್ಲಿಸಿದರೂ ಅಪಾಯ. ನಿಲ್ಲಿಸದಿದ್ದರೆ ಗಾಯದ ಜಾಗದಲ್ಲಿ ರಕ್ತ ಕಟ್ಟಿಕೊಂಡು ಸೋಂಕಿಗೆ ದಾರಿಯಾಗಬಹುದು. ಆ ತೂಕ ಡಾಕ್ಟರೇ ಮಾಡಬೇಕು.

ಮೈಯಲ್ಲಿ ನೀರು ತುಂಬಿದ್ದರೆ ಅಂಗಾತ ಮಲಗಲು ಆಗುವುದಿಲ್ಲ, ಆಪರೇಷನ್ ಮುಂದಕ್ಕೆ ಹೋಗುತ್ತದೆ. ಎಚ್ಚರವಾಗಿದ್ದೇ ಬಹಳ ಹೊತ್ತು ಅಲುಗಾಡದೆ ಮಲಗಿರಬೇಕು. ಹಾಗಾಗಿ ದಿನಾ ಬೆಳಗ್ಗೆ ತೂಕ ನೋಡಿ ಬರೆದಿಟ್ಟೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲ್ಲ ಬಿಟ್ಟೆ. ಒಂದೇ ದಿಂಬಿನಲ್ಲಿ ಮಲಗಿ ಅಭ್ಯಾಸ ಮಾಡಿದೆ.

ನನ್ನ ದೊಡ್ಡ ಭಯ ಬೇರೆಯೇ ಇತ್ತು. ನನ್ನ ಹೃದಯಕ್ಕೆ ಸ್ವಂತ ಬಡಿತ ಇಲ್ಲದಂತೆಯೇ. ಹಳೇ ಡಬ್ಬಿ ಬಿಚ್ಚಿದ ಕ್ಷಣದಲ್ಲಿ ಏನಾಗುತ್ತದೆ? ನೇರವಾಗಿ ಕೇಳಿದೆ. "ಅಮ್ಮಾ, ತೊಡೆಯಿಂದ ತಾತ್ಕಾಲಿಕ ತಂತಿ ಹಾಕಿ ಬಡಿತ ಬರುವಂತೆ ಮಾಡಿಕೊಂಡೇ ಅದನ್ನು ಬಿಚ್ಚುತ್ತೇವೆ" ಅಂದರು. ಆ ಒಂದು ಉತ್ತರದಿಂದ ನನಗೆ ನಿದ್ದೆ ಬಂತು. ಇಂಥ ಪ್ರಶ್ನೆ ಕೇಳಲು ಸಂಕೋಚ ಬೇಡವೇ ಬೇಡ.

ದುಡ್ಡಿನ ಬಗ್ಗೆ: ಅಂದಾಜು ಪಟ್ಟಿಯಲ್ಲಿ ಸಾಧನದ ಬೆಲೆ, ಆಸ್ಪತ್ರೆ ಖರ್ಚು ಬೇರೆಬೇರೆ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಮಾಡಿಸುವವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲೇ ವಿಚಾರಿಸಿ.

ಇನ್ನು ಮನೆ ತಯಾರಿ. ಆಪರೇಷನ್ ಆದ ಮೇಲೆ ಕೆಲವು ವಾರ ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತುವಂತಿಲ್ಲ. ಎತ್ತಿದರೆ ಹೊಸ ತಂತಿ ಜಾಗ ಬಿಡಬಹುದು. ಜಡೆ ಹಾಕಿಕೊಳ್ಳಲು ಆಗುವುದಿಲ್ಲ, ತಲೆಯ ಮೇಲಿಂದ ಹಾಕುವ ನೈಟಿ ಆಗುವುದಿಲ್ಲ. ಮುಂದೆ ಗುಂಡಿ ಇರುವ ನೈಟಿ ಹೊಲಿಸಿಕೊಂಡೆ. ಮೇಲಿನ ಶೆಲ್ಫ್‌ನ ಬೇಳೆ, ರವೆ, ಸಾಂಬಾರ್ ಪುಡಿ ಡಬ್ಬಗಳನ್ನೆಲ್ಲ ಕೆಳಗಿಳಿಸಿದೆ. ಬಟ್ಟೆ ಒಣಗಿಸಲು ಮಡಚುವ ಸ್ಟ್ಯಾಂಡ್ ತಂದೆವು. ಬ್ರಾ ಪಟ್ಟಿ ಸರಿಯಾಗಿ ಗಾಯದ ಮೇಲೆ ಕೂರುತ್ತದೆ, ಅದನ್ನು ಹೆಂಗಸರು ನೆನಪಿಡಬೇಕು. ಹಾಗಂತ ಭುಜವನ್ನು ಪೂರ್ತಿ ಅಲ್ಲಾಡಿಸದೆ ಇಟ್ಟರೆ ಅದೂ ಹಿಡಿದುಕೊಳ್ಳುತ್ತದೆ. ಎಷ್ಟು ಆಡಿಸಬೇಕು ಅಂತ ಕೇಳಿಕೊಂಡೆ.

ಹೊಸ ತಂತಿ ಸಿರೆಯಲ್ಲಿ ಸರಿಯಾಗಿ ಕೂತಿತು, ಎರಡನೇ ದಾರಿ ಬೇಕಾಗಲಿಲ್ಲ. ಆರು ತಿಂಗಳ ನಂತರದ ಎಕೋದಲ್ಲಿ ಇಎಫ್ 46. ಎಲ್ಲರಿಗೂ ಇಷ್ಟು ಏರುವುದಿಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಮಾತ್ರೆಗಳು ಹಾಗೇ ಮುಂದುವರಿದಿವೆ. ಮೂರು ತಂತಿ ಇರುವುದರಿಂದ ಬ್ಯಾಟರಿ ಮೊದಲಿನದರಷ್ಟು ವರ್ಷ ಬಾರದಿರಬಹುದು. ಈಗ ತಪಾಸಣೆಗೆ ಹೋದಾಗ "ಚೆನ್ನಾಗಿದೆ" ಅನ್ನುವ ಮಾತಿಗೆ ಎದ್ದು ಬರುವುದಿಲ್ಲ. ಎರಡೂ ಕಡೆ ಪೇಸಿಂಗ್ ಶೇಕಡಾ ಎಷ್ಟಿದೆ, ಬ್ಯಾಟರಿ ಎಷ್ಟು ಉಳಿದಿದೆ ಅಂತ ಕೇಳಿ ಡೈರಿಯಲ್ಲಿ ಬರೆದುಕೊಂಡೇ ಬರುತ್ತೇನೆ.